ಸುಂಕ ಇಳಿಸಿದಾಗ ಸಿಟ್ಟು ಏರಿದ್ದು ಯಾಕೆ? ಅಮೆರಿಕದ ದಂಗೆಯ ತೆರಿಗೆ ಕಥೆ

ಹೋದ ತಿಂಗಳು ಬಾಡಿಗೆ ಕರಾರು ಮಾಡಿಸಲು ಟೈಪಿಂಗ್ ಅಂಗಡಿಗೆ ಹೋಗಿದ್ದೆ. ಛಾಪಾ ಕಾಗದದ ದುಡ್ಡು ಕೊಟ್ಟೆ. ಅದರ ಮೇಲೆ ಇನ್ನೊಂದಿಷ್ಟು ಕೇಳಿದರು, ಅದನ್ನೂ ಕೊಟ್ಟೆ. ಗೊಣಗುತ್ತ ಮನೆಗೆ ಬಂದೆ. ನಾವೆಲ್ಲ ಮಾಡುವುದು ಇಷ್ಟೇ ಅಲ್ವಾ? ಗೊಣಗುತ್ತೇವೆ, ಕಟ್ಟುತ್ತೇವೆ. ಆದರೆ 1765ರ ಆಗಸ್ಟ್ ತಿಂಗಳಲ್ಲಿ, ಆಗ ಬ್ರಿಟಿಷರ ವಸಾಹತಾಗಿದ್ದ ಅಮೆರಿಕದ ಬಾಸ್ಟನ್ ಊರಿನ ಜನ ಇದೇ ಛಾಪಾ ಕಾಗದದ ಸಲುವಾಗಿ ಒಬ್ಬ ಅಧಿಕಾರಿಯ ಗೊಂಬೆ ಮಾಡಿ ಮರಕ್ಕೆ ನೇತುಹಾಕಿದರು. ಅವನ ಕಟ್ಟಡ ಕೆಡವಿದರು. ಹತ್ತು ವರ್ಷ ತುಂಬುವುದರೊಳಗೆ ಕೋವಿ ಹಿಡಿದಿದ್ದರು.

ಬ್ರಿಟಿಷರು ವಿಪರೀತ ತೆರಿಗೆ ಹಾಕಿದರು, ತಡೆಯಲಾರದೆ ಜನ ದಂಗೆ ಎದ್ದರು ಅಂತ ಶಾಲೆಯಲ್ಲಿ ಓದಿದ ನೆನಪು. ಲೆಕ್ಕ ನೋಡಿದರೆ ಈ ಮಾತು ಕೂಡುವುದಿಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೂತ ಸಾಮಾನ್ಯ ಮನುಷ್ಯ ಕಟ್ಟುತ್ತಿದ್ದ ತೆರಿಗೆ ಅಮೆರಿಕದ ವಸಾಹತಿನವನು ಕಟ್ಟುತ್ತಿದ್ದುದಕ್ಕಿಂತ ಹಲವು ಪಟ್ಟು ಜಾಸ್ತಿ. ಇನ್ನೂ ವಿಚಿತ್ರ ಅಂದರೆ, ಜಗಳ ಶುರುವಾದದ್ದು ಸುಂಕವೊಂದನ್ನು ಅರ್ಧಕ್ಕೆ ಇಳಿಸಿದಾಗ. ಕೈಮೀರಿ ಹೋದದ್ದು ಚಹಾ ಅಗ್ಗವಾದಾಗ. ಈ ಒಗಟು ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1763ರಲ್ಲಿ ಬ್ರಿಟನ್ ಫ್ರಾನ್ಸಿನ ಜೊತೆ ಏಳು ವರ್ಷದ ಯುದ್ಧ ಗೆದ್ದು ಕೂತಿತ್ತು. ಕೆನಡಾ ಕೈಸೇರಿತ್ತು. ಸಾಲ ಮಾತ್ರ ಸುಮಾರು 7.5 ಕೋಟಿ ಪೌಂಡಿನಿಂದ 13 ಕೋಟಿ ಪೌಂಡಿನ ಹತ್ತಿರಕ್ಕೆ ಏರಿತ್ತು. ಅದರ ಮೇಲೆ ಅಮೆರಿಕದ ಗಡಿ ಕಾಯಲು 10,000 ಸೈನಿಕರನ್ನು ಅಲ್ಲೇ ಇಡುವುದು ಅಂತ ತೀರ್ಮಾನವಾಯಿತು. ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಲೆಕ್ಕಪತ್ರದ ಮನುಷ್ಯ. ಅಮೆರಿಕದ ಸುಂಕದ ಕಟ್ಟೆಗಳ ಕಡತ ತೆಗೆದು ನೋಡಿದ. ವರ್ಷಕ್ಕೆ ವಸೂಲಿ ಆಗುತ್ತಿದ್ದದ್ದು 2,000 ಪೌಂಡ್ ಆಸುಪಾಸು. ವಸೂಲಿ ಮಾಡುವ ಖರ್ಚು ಸುಮಾರು 8,000 ಪೌಂಡ್! ಯಾವ ಲೆಕ್ಕಿಗನಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ‘ನಿಮ್ಮನ್ನು ಕಾಯಲು ನಾವು ಸಾಲ ಮಾಡಿದ್ದೇವೆ, ನೀವೂ ಸ್ವಲ್ಪ ಕೊಡಿ’ ಅನ್ನುವುದು ಲಂಡನ್ನಿನ ವಾದ. ಅದು ಅನ್ಯಾಯದ ಮಾತು ಅಂತ ನನಗೇನೂ ಅನ್ನಿಸುವುದಿಲ್ಲ.

ಆದರೆ ಆ ಸುಂಕದ ಕಟ್ಟೆಗಳು ನಡೆಯುತ್ತಿದ್ದ ರೀತಿಯೇ ಬೇರೆ. ಕಾಕಂಬಿಯನ್ನೇ ತಗೊಳ್ಳಿ, ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕ. ಬಾಸ್ಟನ್, ರೋಡ್ ಐಲೆಂಡ್ ಕಡೆಯ ಭಟ್ಟಿಗಳಲ್ಲಿ ಕಾಕಂಬಿಯಿಂದ ರಮ್ ಇಳಿಸುತ್ತಿದ್ದರು. ಅಗ್ಗದ ಕಾಕಂಬಿ ಬರುತ್ತಿದ್ದದ್ದು ಫ್ರೆಂಚರ ಕೆರಿಬಿಯನ್ ದ್ವೀಪಗಳಿಂದ. ಅದರ ಮೇಲೆ 1733ರಿಂದಲೇ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ಇತ್ತು, ಕಾಗದದ ಮೇಲೆ. ಹಾಗೆ ಕಟ್ಟಿದರೆ ಭಟ್ಟಿ ಮುಚ್ಚಬೇಕು. ಹಾಗಾಗಿ ಸುಂಕದವನ ಕೈಗೆ ಒಂದೋ ಒಂದೂವರೆಯೋ ಪೆನ್ಸ್ ತುರುಕಿ ಪೀಪಾಯಿ ಇಳಿಸುವುದು ರೂಢಿ. ಮೂವತ್ತು ವರ್ಷ ಎಲ್ಲರೂ ಖುಷಿಯಾಗಿದ್ದರು.

1764ರಲ್ಲಿ ಗ್ರೆನ್‌ವಿಲ್ ಈ ಸುಂಕವನ್ನು ಮೂರು ಪೆನ್ಸಿಗೆ ಇಳಿಸಿದ. ಅರ್ಧಕ್ಕರ್ಧ ಕಡಿಮೆ. ಜೊತೆಗೆ, ಇನ್ನು ಮುಂದೆ ಇದನ್ನು ನಿಜವಾಗಿಯೂ ವಸೂಲಿ ಮಾಡುತ್ತೇವೆ ಅಂದ. ನೌಕಾಪಡೆ ಕಾವಲಿಗೆ ಬಂತು. ಸಿಕ್ಕಿಬಿದ್ದವರ ವಿಚಾರಣೆ ದೂರದ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆಯಬಹುದಿತ್ತು. ಅಲ್ಲಿ ತೀರ್ಪು ಕೊಡಲು ಸಾಮಾನ್ಯ ಜನರ ಜ್ಯೂರಿ ಇಲ್ಲ, ಊರಿನ ಪರಿಚಯದವರು ಯಾರೂ ಇಲ್ಲ. ಆರು ಪೆನ್ಸ್ ಕಟ್ಟದೆ ಇದ್ದವರಿಗೆ ಮೂರು ಪೆನ್ಸ್ ಕಟ್ಟುವುದು ಇಳಿಕೆ ಅಂತ ಹೇಗೆ ಅನ್ನಿಸೀತು?

ಇಷ್ಟಾದರೂ ಇದು ಬಂದರಿನ ವ್ಯಾಪಾರಿಗಳ ಗೋಳು ಮಾತ್ರ. ಒಳನಾಡಿನ ರೈತನಿಗೆ ಕಾಕಂಬಿಯ ಚಿಂತೆ ಇರಲಿಲ್ಲ. ಅವನನ್ನೂ ಜಗಳಕ್ಕೆ ಎಳೆದದ್ದು ಛಾಪಾ ಕಾಗದ.

ಛಾಪಾ ಕಾಗದದ ಗಲಾಟೆ

1765ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತು ಸ್ಟಾಂಪ್ ಕಾಯ್ದೆ ಪಾಸು ಮಾಡಿತು. ನವೆಂಬರ್ 1ರಿಂದ ಜಾರಿ. ಸ್ಟಾಂಪ್ ಅಂದರೆ ಅಂಚೆ ಚೀಟಿ ಅಂದುಕೊಳ್ಳಬೇಡಿ. ಇದು ಕಾಗದದ ಮೇಲೆ ಒತ್ತಿದ ಉಬ್ಬು ಮುದ್ರೆ. ಲಂಡನ್ನಿನಲ್ಲಿ ಮುದ್ರೆ ಒತ್ತಿದ ಕಾಗದ ಹಡಗಿನಲ್ಲಿ ಬರುತ್ತದೆ, ಅದನ್ನೇ ಕೊಂಡು ಬಳಸಬೇಕು. ಜಮೀನು ಪತ್ರ, ಉಯಿಲು, ಕೋರ್ಟಿನ ಅರ್ಜಿ, ಹೆಂಡದಂಗಡಿಯ ಪರವಾನಗಿ, ಪಂಚಾಂಗ, ಪತ್ರಿಕೆ ಎಲ್ಲಕ್ಕೂ. ಪತ್ರಿಕೆಯ ಪ್ರತಿ ಹಾಳೆಗೆ ಒಂದು ಪೆನ್ನಿ, ಒಂದು ಜಾಹೀರಾತಿಗೆ ಎರಡು ಶಿಲಿಂಗ್. ಕಾಲೇಜಿನ ಪದವಿ ಪತ್ರಕ್ಕೆ ಎರಡು ಪೌಂಡ್. ಇಸ್ಪೀಟು ಕಟ್ಟಿಗೆ ಒಂದು ಶಿಲಿಂಗ್, ಜೂಜಿನ ದಾಳದ ಜೋಡಿಗೆ ಹತ್ತು ಶಿಲಿಂಗ್. (ಆಗ ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್.)

ಬ್ರಿಟನ್ನಿನಲ್ಲಿ ಇಂಥ ತೆರಿಗೆ ಆಗಲೇ ಹಳೆಯದು. ಹಾಗಾಗಿ ಲಂಡನ್ನಿನಲ್ಲಿ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಅಮೆರಿಕದಲ್ಲಿ ಎರಡು ಎಡವಟ್ಟು ಆದವು. ಮೊದಲನೆಯದು, ದುಡ್ಡನ್ನು ಬ್ರಿಟಿಷ್ ನಾಣ್ಯದ ಲೆಕ್ಕದಲ್ಲಿ ಕಟ್ಟಬೇಕು. ವಸಾಹತುಗಳಲ್ಲಿ ಬೆಳ್ಳಿ ನಾಣ್ಯಕ್ಕೆ ಮೊದಲಿಂದಲೂ ಬರ. ಅವರು ಕಾಗದದ ಹಣ ಅಚ್ಚು ಹಾಕಿಕೊಂಡು ವ್ಯವಹಾರ ಮಾಡುತ್ತಿದ್ದರು. ಹಿಂದಿನ ವರ್ಷವಷ್ಟೇ ಅದಕ್ಕೂ ಲಂಡನ್ ಲಗಾಮು ಹಾಕಿತ್ತು. ಕೈಯಲ್ಲಿ ಇಲ್ಲದ ನಾಣ್ಯದಲ್ಲಿ ತೆರಿಗೆ ಕಟ್ಟು ಅಂದ ಹಾಗಾಯಿತು. ಎರಡನೆಯದು ಇನ್ನೂ ದೊಡ್ಡ ಎಡವಟ್ಟು. ಈ ತೆರಿಗೆ ನೇರ ಹೋಗಿ ತಗುಲಿದ್ದು ವಕೀಲರಿಗೆ, ಪತ್ರಿಕೆ ಅಚ್ಚು ಹಾಕುವವರಿಗೆ, ಹೆಂಡದಂಗಡಿಯವರಿಗೆ. ಒಬ್ಬ ವಾದ ಹೂಡುವವನು, ಒಬ್ಬ ಅದನ್ನು ಊರೂರಿಗೆ ಹಂಚುವವನು, ಇನ್ನೊಬ್ಬನ ಅಂಗಡಿಯಲ್ಲಿ ಕೂತು ಜನ ಅದನ್ನು ಓದಿಸಿ ಕೇಳುವವರು. ಸರ್ಕಾರವನ್ನು ಬೈಯಲು ಯಾರ್‍ಯಾರು ಬೇಕೋ ಅವರನ್ನೇ ಹುಡುಕಿ ಕೆಣಕಿದ ಹಾಗೆ. ಕಾಯ್ದೆ ಜಾರಿಯಾಗುವ ಹಿಂದಿನ ದಿನ ಫಿಲಡೆಲ್ಫಿಯಾದ ಒಂದು ಪತ್ರಿಕೆ ಗೋರಿಕಲ್ಲಿನ ಆಕಾರದಲ್ಲಿ ಮುಖಪುಟ ಅಚ್ಚು ಹಾಕಿತು. ಸರ್ಕಾರಿ ಮುದ್ರೆ ಇರಬೇಕಾದ ಜಾಗದಲ್ಲಿ ತಲೆಬುರುಡೆಯ ಚಿತ್ರ.

ಬಾಸ್ಟನ್ನಿನಲ್ಲಿ ಈ ಕಾಗದ ಮಾರುವ ಹೊಣೆ ಹೊತ್ತವನು ಆಂಡ್ರ್ಯೂ ಆಲಿವರ್. ಆಗಸ್ಟ್ 14ರ ಬೆಳಿಗ್ಗೆ ಊರಿನ ಒಂದು ಎಲ್ಮ್ ಮರದಲ್ಲಿ ಅವನ ಗೊಂಬೆ ನೇತಾಡುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಬೂಟು, ಅದರೊಳಗಿಂದ ಇಣುಕುವ ದೆವ್ವ. ಬ್ಯೂಟ್ ಎಂಬ ಮಾಜಿ ಪ್ರಧಾನಿಯ ಹೆಸರಿಗೆ ಕಟ್ಟಿದ ಚೇಷ್ಟೆ ಅದು. ಸಂಜೆ ಜನ ಗೊಂಬೆಯನ್ನು ಹೆಣದ ಹಾಗೆ ಮೆರವಣಿಗೆ ಮಾಡಿದರು. ಆಲಿವರ್ ಕಟ್ಟಿಸಿದ್ದ ಹೊಸ ಕಟ್ಟಡವನ್ನು ‘ಸ್ಟಾಂಪ್ ಆಫೀಸು’ ಅಂತ ಕೆಡವಿ, ಅದರ ಮರಮುಟ್ಟಿನಲ್ಲೇ ಬೆಂಕಿ ಹಾಕಿದರು. ಮುಂದೆ ನಿಂತವನು ಎಬನೇಜರ್ ಮ್ಯಾಕಿಂಟಾಶ್ ಎಂಬ ಚಪ್ಪಲಿ ಹೊಲಿಯುವವನು. ಮರುದಿನವೇ ಆಲಿವರ್ ರಾಜೀನಾಮೆ ಕೊಟ್ಟ. ತಮಾಷೆ ಅಂದರೆ ಅವನಿಗೆ ನೇಮಕದ ಆದೇಶವೇ ಇನ್ನೂ ಕೈಗೆ ಬಂದಿರಲಿಲ್ಲ. ಹನ್ನೆರಡು ದಿನ ಕಳೆದ ಮೇಲೆ ಜನ ಅವನ ನೆಂಟ, ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್‌ಸನ್ ಮನೆಗೆ ನುಗ್ಗಿ ಬಾಗಿಲು, ಗೋಡೆಯ ಹಲಗೆ ಸಮೇತ ಕಿತ್ತುಹಾಕಿದರು. ಹಚಿನ್‌ಸನ್‌ಗೆ ಒಳಗೊಳಗೆ ಈ ಕಾಯ್ದೆ ಇಷ್ಟವಿರಲಿಲ್ಲ ಅನ್ನುವುದು ಯಾರಿಗೂ ಬೇಕಾಗಿರಲಿಲ್ಲ.

ಬಾಸ್ಟನ್ ನೋಡಿ ಉಳಿದ ಊರುಗಳೂ ಕಲಿತವು. ನವೆಂಬರ್ 1 ಬರುವ ಹೊತ್ತಿಗೆ ಸ್ಟಾಂಪ್ ಮಾರಬೇಕಾದವರು ಹೆಚ್ಚುಕಡಿಮೆ ಎಲ್ಲರೂ ಕೈಚೆಲ್ಲಿದ್ದರು. ಜಾರ್ಜಿಯಾದಲ್ಲಿ ಒಂದಿಷ್ಟು ದಿನ ಮಾರಾಟವಾಯಿತು, ಅಷ್ಟೇ. ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಅರ್ಜಿ ಬರೆದರು. ಅಲ್ಲಿಯವರೆಗೆ ಅಪರೂಪಕ್ಕಷ್ಟೇ ಒಟ್ಟಿಗೆ ಕೂತಿದ್ದ ವಸಾಹತುಗಳು ಇವು. ಲಂಡನ್ ತೆರಿಗೆ ಹಾಕಿ ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಿತು.

ಯಾರನ್ನು ಕೇಳಿ ಹಾಕಿದಿರಿ?

ಅರ್ಜಿಯ ತಿರುಳು ಇಷ್ಟು. ನಮ್ಮ ಊರಿನ ಶಾಸನಸಭೆ ನಮಗೆ ತೆರಿಗೆ ಹಾಕಲಿ, ಕಟ್ಟುತ್ತೇವೆ. ಅಲ್ಲಿ ನಾವು ಆರಿಸಿದವರು ಇದ್ದಾರೆ. ಲಂಡನ್ನಿನ ಸಂಸತ್ತಿನಲ್ಲಿ ನಮ್ಮವರು ಒಬ್ಬರೂ ಇಲ್ಲ. ಅವರು ನಮ್ಮ ಜೇಬಿಗೆ ಕೈ ಹಾಕುವುದು ಹೇಗೆ?

ಲಂಡನ್ನಿನ ಉತ್ತರವೂ ಕೇಳುವ ಹಾಗಿದೆ. ಮ್ಯಾಂಚೆಸ್ಟರ್‌ಗೂ ಬರ್ಮಿಂಗ್‌ಹ್ಯಾಮ್‌ಗೂ ತಮ್ಮದೇ ಸಂಸದರಿಲ್ಲ. ಅವರೂ ತೆರಿಗೆ ಕಟ್ಟುತ್ತಿಲ್ಲವೇ? ಸಂಸದ ಅಂದರೆ ತನ್ನ ಕ್ಷೇತ್ರಕ್ಕೆ ಮಾತ್ರ ಅಲ್ಲ, ಇಡೀ ಸಾಮ್ರಾಜ್ಯಕ್ಕೆ ಪ್ರತಿನಿಧಿ. ಹಾಗಾಗಿ ನಿಮಗೂ ಅವರೇ ಪ್ರತಿನಿಧಿ. ವಾದದಲ್ಲಿ ಜಾಣತನ ಇದೆ, ಆದರೆ ಒಂದು ತೂತೂ ಇದೆ. ಮ್ಯಾಂಚೆಸ್ಟರಿನ ಮೇಲೆ ಬಿದ್ದ ತೆರಿಗೆ ಸಂಸದನ ಮೇಲೂ ಬೀಳುತ್ತದೆ. ಅಮೆರಿಕದ ಮೇಲೆ ಹಾಕಿದ್ದು ಅವನಿಗೆ ತಟ್ಟುವುದೇ ಇಲ್ಲ, ಬದಲಿಗೆ ಅವನ ಹೊರೆ ಇಳಿಯುತ್ತದೆ. ಬೇರೆಯವರ ಜೇಬಿನಿಂದ ತೆಗೆಯುವಾಗ ಯಾರ ಕೈ ತಡೆಯುತ್ತದೆ?

ಈ ಜಗಳದ ಬೀಜ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ. ಇವತ್ತು ಒಂದು ಪೆನ್ನಿ ಇರಬಹುದು. ನಾಳೆ ಎಷ್ಟು ಅನ್ನುವುದನ್ನು ತೀರ್ಮಾನ ಮಾಡುವವರು ಯಾರು? ಅವರನ್ನು ಕೆಳಗಿಳಿಸುವ ದಾರಿ ನಮಗಿದೆಯಾ? ಹಾಗಂತ ಎಲ್ಲರೂ ತತ್ವಕ್ಕಾಗಿಯೇ ಹೋರಾಡಿದರು ಅಂತ ನಂಬುವುದೂ ಕಷ್ಟ. 1766ರಲ್ಲಿ ಕಾಕಂಬಿ ಸುಂಕ ಒಂದು ಪೆನ್ನಿಗೆ ಇಳಿಯಿತು, ಅಂದರೆ ಹಳೆಯ ಲಂಚದ ದರಕ್ಕೆ. ಆಗ ಹೆಚ್ಚು ತಕರಾರಿಲ್ಲದೆ ಕಟ್ಟಿದರು! ಅದೂ ಪ್ರತಿನಿಧಿ ಇಲ್ಲದ ಸಂಸತ್ತು ಹಾಕಿದ ಸುಂಕವೇ. ಇನ್ನು ಸ್ವಾತಂತ್ರ್ಯ, ಗುಲಾಮಗಿರಿ ಅಂತ ಭಾಷಣ ಮಾಡಿದ ಎಷ್ಟೋ ಮಂದಿಯ ತೋಟಗಳಲ್ಲಿ ನಿಜವಾದ ಗುಲಾಮರು ದುಡಿಯುತ್ತಿದ್ದರು. ಅವರನ್ನು ಯಾವ ವಿಷಯಕ್ಕೂ ಯಾರೂ ಒಪ್ಪಿಗೆ ಕೇಳಲಿಲ್ಲ.

ಸ್ಟಾಂಪ್ ಕಾಯ್ದೆಯನ್ನು 1766ರ ಮಾರ್ಚ್‌ನಲ್ಲಿ ವಾಪಸು ತಗೊಂಡರು. ಅರ್ಜಿ ಓದಿ ಮನಸ್ಸು ಕರಗಿತು ಅಂತಲ್ಲ. ಅಮೆರಿಕದವರು ಬ್ರಿಟಿಷ್ ಸಾಮಾನು ಕೊಳ್ಳುವುದು ನಿಲ್ಲಿಸಿದ್ದರು, ಲಂಡನ್ನಿನ ವ್ಯಾಪಾರಿಗಳೇ ಬಾಯಿ ಬಡಿದುಕೊಳ್ಳುತ್ತಿದ್ದರು. ಫೆಬ್ರವರಿಯಲ್ಲಿ ಸಂಸತ್ತು, ಪೆನ್ಸಿಲ್ವೇನಿಯಾ ವಸಾಹತಿನ ಪರವಾಗಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕರೆಸಿ ಪ್ರಶ್ನೆ ಕೇಳಿತು. ಅಮೆರಿಕದವರ ಹೆಮ್ಮೆ ಮೊದಲು ಯಾವುದರಲ್ಲಿತ್ತು ಅಂತ ಕೇಳಿದರೆ, ಬ್ರಿಟನ್ನಿನ ಬಟ್ಟೆಬರೆ ತೊಡುವುದರಲ್ಲಿ ಅಂದ. ಈಗ? ಹೊಸದನ್ನು ತಾವೇ ನೇಯ್ದುಕೊಳ್ಳುವವರೆಗೆ ಹಳೆಯದನ್ನೇ ತೊಡುವುದರಲ್ಲಿ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಇದೇ ಫ್ರಾಂಕ್ಲಿನ್ ಕಾಯ್ದೆ ಬಂದ ಹೊಸದರಲ್ಲಿ ತನ್ನ ಗೆಳೆಯನಿಗೆ ಪೆನ್ಸಿಲ್ವೇನಿಯಾದ ಸ್ಟಾಂಪ್ ಮಾರುವ ಕೆಲಸ ಕೊಡಿಸಿದ್ದ. ಊರಿನ ಸಿಟ್ಟು ಅವನಿಗೂ ಅಂದಾಜಿರಲಿಲ್ಲ.

ಕಾಯ್ದೆ ತೆಗೆದ ದಿನವೇ ಸಂಸತ್ತು ಇನ್ನೊಂದು ಕಾಯ್ದೆ ಮಾಡಿತು. ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಶಾಸನ ಮಾಡುವ ಹಕ್ಕು ನಮಗಿದೆ ಅಂತ. ಅಮೆರಿಕದವರು ಪಟಾಕಿ ಹೊಡೆಯುವ ಸಡಗರದಲ್ಲಿ ಅದನ್ನು ಸರಿಯಾಗಿ ಓದಲಿಲ್ಲ. ಮುಳ್ಳು ಮುರಿದು ಒಳಗೇ ಉಳಿಯಿತು.

ಮರುವರ್ಷ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಹಾಕಿದ. ಬರಬೇಕಾದ ದುಡ್ಡು ವರ್ಷಕ್ಕೆ 40,000 ಪೌಂಡ್, ಸಾಮ್ರಾಜ್ಯಕ್ಕೆ ಪುಡಿಗಾಸು. ಅದನ್ನು ಖರ್ಚು ಮಾಡುವ ರೀತಿಯಲ್ಲಿ ವಿಷ ಇತ್ತು. ಅಲ್ಲಿಯವರೆಗೆ ಹೆಚ್ಚಿನ ವಸಾಹತುಗಳಲ್ಲಿ ಗವರ್ನರನ ಸಂಬಳ ಕೊಡುತ್ತಿದ್ದದ್ದು ಊರಿನ ಶಾಸನಸಭೆ. ಮಾತು ಕೇಳದಿದ್ದರೆ ಸಂಬಳ ತಡೆಹಿಡಿಯಬಹುದಿತ್ತು. ಇನ್ನು ಮೇಲೆ ಸುಂಕದ ದುಡ್ಡಿನಿಂದ ಲಂಡನ್ನೇ ಗವರ್ನರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡಬಹುದು. ಜನರ ಕೈಯಲ್ಲಿದ್ದ ಒಂದೇ ಮೂಗುದಾರ ಜಾರಿತು. ಸುಂಕದ ಅಧಿಕಾರಿಗಳ ಹೊಸ ಮಂಡಳಿ ಬಾಸ್ಟನ್ನಿಗೇ ಬಂದು ಕೂತಿತು. ಮುಟ್ಟುಗೋಲು ಹಾಕಿದ ಮಾಲಿನಲ್ಲಿ ಹಿಡಿದವನಿಗೆ ಮೂರನೇ ಒಂದು ಪಾಲು! ಯಾವ ಹಡಗು ಹಿಡಿದರೆ ಲಾಭ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಊರಿನ ಸಾಹುಕಾರ ಜಾನ್ ಹ್ಯಾನ್‌ಕಾಕ್‌ನ ಹಡಗು ಹಿಡಿದಾಗ ಗಲಭೆ ಎದ್ದಿತು. 1768ರ ಅಕ್ಟೋಬರ್‌ನಲ್ಲಿ ಸೈನ್ಯ ಬಂದಿಳಿಯಿತು. ಸೈನಿಕರ ಸಂಬಳ ಕಡಿಮೆ, ಬಿಡುವಿನಲ್ಲಿ ಕೂಲಿ ಹುಡುಕುತ್ತಿದ್ದರು. ಊರಿನ ಕೂಲಿಗಳಿಗೂ ಅವರಿಗೂ ಜಟಾಪಟಿ. 1770ರ ಮಾರ್ಚ್ 5ರ ರಾತ್ರಿ ಗುಂಡು ಹಾರಿ ಐವರು ಸತ್ತರು. ಅದೇ ದಿನ, ಸಮುದ್ರದ ಆಚೆ, ಪ್ರಧಾನಿ ಲಾರ್ಡ್ ನಾರ್ತ್ ಟೌನ್‌ಶೆಂಡ್ ಸುಂಕಗಳನ್ನು ತೆಗೆಯಲು ಸಂಸತ್ತಿನ ಮುಂದೆ ಬಂದಿದ್ದ. ಒಂದನ್ನು ಮಾತ್ರ ಬಿಟ್ಟು. ಚಹಾಕ್ಕೆ ರಾತಲಿಗೆ (ಅರ್ಧ ಕೆಜಿಗೆ ತುಸು ಕಡಿಮೆ ತೂಕ) ಮೂರು ಪೆನ್ಸ್, ಹಕ್ಕು ನಮ್ಮದು ಅಂತ ತೋರಿಸಲು.

ಕಂಪನಿಯ ಚಹಾ, ಹೈದರನ ನೆರಳು

ಇಲ್ಲಿ ಕಥೆ ನಮ್ಮ ಕಡೆಗೊಮ್ಮೆ ತಿರುಗುತ್ತದೆ. ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದು. (ಅಸ್ಸಾಮಿನದಲ್ಲ, ಚೀನಾದ್ದು. ಭಾರತದಲ್ಲಿ ಕಂಪನಿಯ ಚಹಾ ತೋಟಗಳು ಬಂದದ್ದು ಮುಂದಿನ ಶತಮಾನದಲ್ಲಿ.) ಬಂಗಾಳದ ಕಂದಾಯ ಕೈಗೆ ಬಂದ ಮೇಲೆ ಕಂಪನಿಯ ಷೇರು ಆಕಾಶಕ್ಕೆ ಏರಿತ್ತು. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಬಂದು ನಿಂತು, ತನಗೆ ಬೇಕಾದ ಹಾಗೆ ಒಪ್ಪಂದ ಬರೆಸಿಕೊಂಡ. ಮೈಸೂರಿನ ಯುದ್ಧದ ಸುದ್ದಿ ಲಂಡನ್ ಮುಟ್ಟಿದ್ದೇ ತಡ, ಷೇರು ಕುಸಿಯಿತು. ಅದೇ ಹೊತ್ತಿಗೆ ಬಂಗಾಳದಲ್ಲಿ ಭೀಕರ ಬರ. 1772ರಲ್ಲಿ ಯುರೋಪಿನ ಸಾಲದ ಮಾರುಕಟ್ಟೆಯೇ ಮುಗ್ಗರಿಸಿತು. ಕಂಪನಿಯ ಲಂಡನ್ ಗೋದಾಮಿನಲ್ಲಿ ಮಾರಾಟವಾಗದೆ ಕೊಳೆಯುತ್ತಿದ್ದ ಚಹಾ ಸುಮಾರು 1.7 ಕೋಟಿ ರಾತಲು. ಕಾರಣ, ಅಮೆರಿಕದವರು ಡಚ್ಚರ ಕಳ್ಳ ಚಹಾ ಕುಡಿಯುತ್ತಿದ್ದರು.

1773ರಲ್ಲಿ ಸರ್ಕಾರ ಕಂಪನಿಗೆ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಜೊತೆಗೆ ಚಹಾ ಕಾಯ್ದೆ. ಮೊದಲು ಕಂಪನಿ ಲಂಡನ್ನಿನಲ್ಲಿ ಹರಾಜು ಹಾಕಬೇಕು, ಅಲ್ಲಿನ ವ್ಯಾಪಾರಿ ಕೊಳ್ಳಬೇಕು, ಅವನಿಂದ ಅಮೆರಿಕದವನು ಕೊಳ್ಳಬೇಕು. ಈಗ ಕಂಪನಿಯೇ ನೇರವಾಗಿ ತನ್ನ ಏಜೆಂಟರಿಗೆ ಕಳಿಸಬಹುದು, ಬ್ರಿಟನ್ನಿನಲ್ಲಿ ಕಟ್ಟಿದ ಸುಂಕವೂ ವಾಪಸು. ಚಹಾ ಅಗ್ಗವಾಯಿತು, ಕಳ್ಳ ಚಹಾದ ಜೊತೆ ಪೈಪೋಟಿಗೆ ನಿಲ್ಲುವಷ್ಟು. ಮೂರು ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆಯದಿದ್ದರೆ ಅವರು ಚಹಾ ಮುಟ್ಟುವುದಿಲ್ಲ ಅಂತ ಡೌಡ್ಸ್‌ವೆಲ್ ಎಂಬ ಸದಸ್ಯ ಸಂಸತ್ತಿನಲ್ಲೇ ಎಚ್ಚರಿಸಿದ. ನಾರ್ತ್ ಕೇಳಲಿಲ್ಲ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅನ್ನುತ್ತೇವಲ್ಲ, ಅಮೆರಿಕದವರಿಗೆ ಹಾಗನ್ನಿಸಿತು. ಕಂಪನಿ ಮುಳುಗಿದರೆ ಎತ್ತುವುದು ನಾವಾ? ಅಗ್ಗದ ಚಹಾ ಅಂದರೆ ಬೆಲ್ಲ ಸವರಿದ ಗುಳಿಗೆ, ಒಳಗೆ ಇರುವುದು ಸುಂಕವೇ. ಕಳ್ಳ ಚಹಾದ ವ್ಯಾಪಾರಿಗಳಿಗೆ ಹೊಟ್ಟೆಪಾಡಿನ ಭಯ, ಏಜೆಂಟರ ಪಟ್ಟಿಯಲ್ಲಿ ಹೆಸರಿಲ್ಲದ ನ್ಯಾಯವಾದ ವ್ಯಾಪಾರಿಗಳಿಗೂ ಅದೇ ಭಯ. ಬಾಸ್ಟನ್ನಿನ ಏಜೆಂಟರಲ್ಲಿ ಇಬ್ಬರು ಹಚಿನ್‌ಸನ್‌ನ ಮಕ್ಕಳೇ. ಅವನು ಈಗ ಗವರ್ನರ್. ಇನ್ನೊಂದು ಸಂಗತಿ ನನಗೆ ತುಂಬ ದಿನ ಗೊತ್ತಿರಲಿಲ್ಲ. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್‌ಸನ್ ಆ ನವೆಂಬರ್‌ನಲ್ಲಿ ಬರೆದ ಪತ್ರದಲ್ಲಿ ಬಂಗಾಳದ ಬರವನ್ನೇ ಎತ್ತಿದ. ಒಂದು ವರ್ಷದಲ್ಲಿ 15 ಲಕ್ಷ ಜನ ಸತ್ತರಂತೆ, ಭೂಮಿ ಬೆಳೆಯಲಿಲ್ಲ ಅಂತಲ್ಲ, ಕಂಪನಿಯವರು ಧಾನ್ಯ ಕೂಡಿಟ್ಟು ಬೆಲೆ ಏರಿಸಿದ್ದರಿಂದ ಅಂತ ಬರೆದ. ಅಲ್ಲಿ ಹಾಗೆ ಮಾಡಿದವರು ಇಲ್ಲಿ ಬಿಡುತ್ತಾರಾ ಅನ್ನುವುದು ಅವನ ಭಯ.

ನವೆಂಬರ್ 28ಕ್ಕೆ ‘ಡಾರ್ಟ್‌ಮತ್’ ಹಡಗು ಬಾಸ್ಟನ್ನಿಗೆ ಬಂತು. ಆಮೇಲೆ ‘ಎಲೀನರ್’, ‘ಬೀವರ್’. ನಿಯಮ ಏನಪ್ಪಾ ಅಂದರೆ, ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಮಾಲು ಜಪ್ತಿ. ಜಪ್ತಿಯಾದರೆ ಚಹಾ ಹೇಗೂ ದಡ ಸೇರುತ್ತದೆ. ಜನ ಇಳಿಸಲು ಬಿಡುತ್ತಿಲ್ಲ, ಗವರ್ನರ್ ವಾಪಸು ಹೋಗಲು ಪರವಾನಗಿ ಕೊಡುತ್ತಿಲ್ಲ. ಫಿಲಡೆಲ್ಫಿಯಾದಲ್ಲಿ ಹಡಗು ತೆಪ್ಪಗೆ ಹಿಂದಿರುಗಿತು. ಬಾಸ್ಟನ್ನಿನಲ್ಲಿ ಹಚಿನ್‌ಸನ್ ಪಟ್ಟು ಹಿಡಿದ. ಎಂಟು ವರ್ಷದ ಹಿಂದೆ ಮನೆ ಕಳೆದುಕೊಂಡವನು ತಾನೇ.

ಡಿಸೆಂಬರ್ 16. ಗಡುವಿನ ಹಿಂದಿನ ದಿನ. ಓಲ್ಡ್ ಸೌತ್ ಸಭಾಮಂದಿರದಲ್ಲಿ ಸುಮಾರು 5,000 ಜನ. ಕೊನೆಯ ಸಲ ಪರವಾನಗಿ ಕೇಳಲು ಹೋದ ಹಡಗಿನ ಒಡೆಯ ರೋಚ್ ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದ. ಸ್ವಲ್ಪ ಹೊತ್ತಿಗೆ ನೂರಕ್ಕೂ ಹೆಚ್ಚು ಗಂಡಸರು ಮುಖಕ್ಕೆ ಮಸಿ ಬಳಿದು, ಮೋಹಾಕ್ ಮೂಲನಿವಾಸಿಗಳ ವೇಷದಲ್ಲಿ ಗ್ರಿಫಿನ್ ಧಕ್ಕೆಗೆ ಇಳಿದರು. ಮೂರು ಗಂಟೆ ಕೆಲಸ. ಪೆಟ್ಟಿಗೆ ಮೇಲೆತ್ತುವುದು, ಕೊಡಲಿಯಲ್ಲಿ ಸೀಳುವುದು, ಸುರಿಯುವುದು. ಒಟ್ಟು 342 ಪೆಟ್ಟಿಗೆ, 92,000 ರಾತಲಿಗೂ ಮೇಲೆ, ಅಂದರೆ 42 ಟನ್ ಹತ್ತಿರ. ಬೆಲೆ 9,659 ಪೌಂಡ್. ಬೇರೆ ಸಾಮಾನು ಮುಟ್ಟಲಿಲ್ಲ. ಒಡೆದ ಒಂದು ಬೀಗಕ್ಕೆ ಬದಲಿ ಬೀಗ ತಂದುಕೊಟ್ಟರು. ಒಬ್ಬ ಮಾತ್ರ ಕೋಟಿನ ಅಸ್ತರಿಯೊಳಗೆ ಚಹಾ ತುಂಬಿಕೊಳ್ಳುತ್ತಿದ್ದ, ಅವನ ಬಟ್ಟೆ ಕಿತ್ತು ಓಡಿಸಿದರು. ಆಗ ಇಳಿತದ ಹೊತ್ತು, ನೀರು ಕಡಿಮೆ. ಸುರಿದ ಚಹಾ ಮುಳುಗದೆ ಹಡಗಿನ ಪಕ್ಕ ಹುಲ್ಲಿನ ಮೆದೆಯ ಹಾಗೆ ಗುಡ್ಡೆ ಬಿತ್ತು. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಹುಟ್ಟಿನಿಂದ ಬಡಿದು ಮುಳುಗಿಸಬೇಕಾಯಿತು.

ಇದನ್ನು ‘ಟೀ ಪಾರ್ಟಿ’ ಅಂತ ಆಗ ಯಾರೂ ಕರೆಯಲಿಲ್ಲ. ಆ ಹೆಸರು ಬಂದದ್ದು ಹಲವು ದಶಕ ಕಳೆದ ಮೇಲೆ. ಅಮೆರಿಕದಲ್ಲೇ ಎಷ್ಟೋ ಜನಕ್ಕೆ ಇದು ಅತಿಯಾಯಿತು ಅನ್ನಿಸಿತ್ತು. ನಷ್ಟ ಕಟ್ಟಿಕೊಡೋಣ ಅಂದವರಲ್ಲಿ ಫ್ರಾಂಕ್ಲಿನ್ ಕೂಡ ಒಬ್ಬ. ಲಂಡನ್ ಸುಮ್ನೆ ಕಾದಿದ್ದರೆ ಬಾಸ್ಟನ್ ಒಂಟಿಯಾಗುತ್ತಿತ್ತೋ ಏನೋ. ಆದರೆ 1774ರಲ್ಲಿ ಸಂಸತ್ತು ಇಡೀ ಬಂದರನ್ನೇ ಮುಚ್ಚಿತು. ಬಾಸ್ಟನ್ ಇದ್ದ ಮ್ಯಾಸಚೂಸೆಟ್ಸ್ ವಸಾಹತಿನ ಊರ ಸಭೆಗಳಿಗೆ ಅಡ್ಡಗಾಲು ಹಾಕಿತು. ತಪ್ಪು ಮಾಡಿದ್ದು ನೂರು ಚಿಲ್ಲರೆ ಜನ, ಉಪವಾಸ ಬಿದ್ದದ್ದು ಇಡೀ ಊರು. ಬೇರೆ ವಸಾಹತುಗಳು ಅಕ್ಕಿ, ಮೆಕ್ಕೆಜೋಳ, ಕುರಿ ಕಳಿಸಿದವು. ಸೆಪ್ಟೆಂಬರ್‌ನಲ್ಲಿ ಹನ್ನೆರಡು ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಸೇರಿದವು. 1775ರ ಏಪ್ರಿಲ್ 19ಕ್ಕೆ ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಮೊದಲ ಗುಂಡು.

ಯುದ್ಧದ ನಡುವೆ, 1778ರಲ್ಲಿ, ಸಂಸತ್ತು ಇನ್ನು ವಸಾಹತುಗಳಿಗೆ ಬೊಕ್ಕಸ ತುಂಬಿಸಲೆಂದು ತೆರಿಗೆ ಹಾಕುವುದಿಲ್ಲ ಅಂತ ಕಾಯ್ದೆಯನ್ನೇ ಮಾಡಿತು. ಹದಿಮೂರು ವರ್ಷದ ಹಿಂದೆ ಇಷ್ಟು ಸಾಕಾಗಿತ್ತು. ಈಗ ಕೇಳಲು ಅಲ್ಲಿ ಯಾರೂ ಇರಲಿಲ್ಲ. ಹೈದರನ ಹೆಸರು ಮಾತ್ರ ಅಮೆರಿಕದವರಿಗೆ ನೆನಪಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಅಂತ ಹೆಸರಿಟ್ಟರು. ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಹಿಡಿಯಿತು.

ಗೆದ್ದ ಮೇಲೆ ಹೊಸ ದೇಶದ ತಲೆಯ ಮೇಲೂ ಯುದ್ಧದ ಸಾಲ ಇತ್ತು. 1791ರಲ್ಲಿ ವಿಸ್ಕಿ ಮೇಲೆ ತೆರಿಗೆ ಬಿತ್ತು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರಿಗೆ ಇದು ಹಳೆಯ ಹಾಡು. ಕೈಯಲ್ಲಿ ನಾಣ್ಯವಿಲ್ಲ, ಕಟ್ಟು ಅಂದರೆ ಹೇಗೆ? ವಸೂಲಿಗೆ ಬಂದವರ ಮೈಗೆ ಟಾರು ಮೆತ್ತಿ ಗರಿ ಅಂಟಿಸಿದರು. 1794ರಲ್ಲಿ ತೆರಿಗೆ ಅಧಿಕಾರಿಯ ಮನೆ ಸುಟ್ಟರು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಪಡೆ ಕಟ್ಟಿಕೊಂಡು, ಕುದುರೆ ಏರಿ ತಾನೇ ಹೊರಟ. ಪಡೆ ತಲುಪುವ ಹೊತ್ತಿಗೆ ರೈತರು ಚದುರಿದ್ದರು. ದೇಶದ್ರೋಹದ ಶಿಕ್ಷೆಯಾದ ಇಬ್ಬರನ್ನು ವಾಷಿಂಗ್ಟನ್ ಕ್ಷಮಿಸಿದ. ವಿಸ್ಕಿ ತೆರಿಗೆ ಮಾತ್ರ 1802ರವರೆಗೆ ಉಳಿಯಿತು. ಅದನ್ನು ತೆಗೆಸಿದವರು ವೋಟು ಪಡೆದು ಬಂದ ಬೇರೆ ಪಕ್ಷದವರು.